ಕೃತಕ ಕಾಲಿನ ಸೇವೆಗೆ ಹೊರಟವರಿಗೆ ಒಬ್ಬ ಟೈಲರ್ ಹೇಳುವ ಮಾತು

ನಾನು ಬಟ್ಟೆ ಹೊಲಿಯುವವಳು. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ನಮ್ಮ ಚರ್ಚ್ ಸಭೆಯವರ ಜೊತೆ ಕೃತಕ ಕಾಲು ಹಾಕುವ ವೈದ್ಯಕೀಯ ಸೇವೆಗೆ ಆರು ಸಲ ಹೋಗಿ ಬಂದಿದ್ದೇನೆ. ಪ್ರತಿ ಸಲವೂ ಯಾರಾದರೂ ಹೊಸಬರು ಕೇಳುತ್ತಾರೆ, "ನಮಗೆ ಏನೂ ಗೊತ್ತಿಲ್ಲ, ಬರಬಹುದಾ?" ಧಾರಾಳವಾಗಿ ಬನ್ನಿ. ಆದರೆ ಏನೂ ಗೊತ್ತಿಲ್ಲ ಅನ್ನುವುದನ್ನು ಕೊನೆಯ ದಿನದವರೆಗೂ ಮರೆಯಬೇಡಿ. ಮೂರನೇ ದಿನಕ್ಕೆ ಎಲ್ಲರೂ ಅರ್ಧ ಡಾಕ್ಟರ್ ಆಗಿಬಿಡುತ್ತಾರೆ.

ಹೆಸರು ಕೊಡುವ ಮೊದಲು ಕರೆಯುವವರನ್ನು ಎರಡು ಮಾತು ಕೇಳಿ. ಕಾಲು ಕೂರಿಸುವ ತರಬೇತಿ ಪಡೆದ ತಂತ್ರಜ್ಞರು ತಂಡದಲ್ಲಿ ಇದ್ದಾರಾ? ನಾವು ವಾಪಸ್ ಬಂದ ಮೇಲೆ ರಿಪೇರಿ ಯಾರು ಮಾಡುತ್ತಾರೆ? ಎರಡನೆಯದಕ್ಕೆ "ದೇವರು ನೋಡಿಕೊಳ್ಳುತ್ತಾನೆ" ಅನ್ನುವ ಉತ್ತರ ಬಂದರೆ ನಾನು ಹೋಗುವುದಿಲ್ಲ. ನನ್ನದು ನಂಬಿಕೆ ಇಲ್ಲದ ಮಾತಲ್ಲ, ಅಳತೆ ಗೊತ್ತಿರುವವಳ ಮಾತು. ಹೊಸದಾಗಿ ಕತ್ತರಿಸಿದ ಕಾಲು ತಿಂಗಳುಗಳಲ್ಲೇ ಸಣ್ಣಗಾಗುತ್ತದೆ, ಸಾಕೆಟ್, ಅಂದರೆ ಉಳಿದ ಕಾಲು ಒಳಗೆ ಕೂರುವ ಬಟ್ಟಲಿನಂಥ ಭಾಗ, ಸಡಿಲವಾಗುತ್ತದೆ. ಮಕ್ಕಳು ಬೆಳೆಯುತ್ತಾರೆ. ರಬ್ಬರ್ ಪಾದ ಸವೆಯುತ್ತದೆ. ಶಾಲೆಗೆ ಹೋಗುವ ಮಗುವಿಗೆ ಒಂದೇ ಒಂದು ಜೊತೆ ಬಟ್ಟೆ ಹೊಲಿದುಕೊಟ್ಟು ಜೀವನಪೂರ್ತಿ ಹಾಕಿಕೋ ಅಂದ ಹಾಗೆ ಆಗುತ್ತದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಸೇವೆಗೆ ಪ್ರಕಟಿಸಿದ ಮಾನದಂಡಗಳೂ, ಕಾಲು ಕೊಟ್ಟ ಮೇಲೆ ಮತ್ತೆ ಮತ್ತೆ ನೋಡುವುದನ್ನು ಸೇವೆಯ ಭಾಗ ಅಂತಲೇ ಎಣಿಸುತ್ತವೆ.

ಅಲ್ಲಿ ನಿಮಗೆ ಸಿಗುವ ಮುಖ್ಯ ಕೆಲಸ ಹಿಡಿದುಕೊಳ್ಳುವುದು. ಸುಮ್ನೆ ಹೇಳುತ್ತಿಲ್ಲ. ಪ್ಲಾಸ್ಟರ್ ಅಚ್ಚು ತೆಗೆಯುವಾಗ ಮಂಡಿ ಸ್ವಲ್ಪ ಮಡಚಿರಬೇಕು, ಅಲುಗಾಡಬಾರದು. ಮೊದಲು ಕಾಲಿಗೆ ತೆಳುವಾದ ಬನಿಯನ್ ಬಟ್ಟೆಯಂಥ ಚೀಲ ತೊಡಿಸುತ್ತಾರೆ. ಅದರ ಮೇಲೆ ಎಲುಬು ಎದ್ದಿರುವ ಜಾಗಗಳನ್ನು ಗುರುತು ಹಾಕುತ್ತಾರೆ. ಮೊದಲ ಸಲ ನಾನು ಬಲು ಹುಮ್ಮಸ್ಸಿನಿಂದ ನನ್ನ ಟೈಲರ್ ಚಾಕ್ ಚಾಚಿದೆ. ತಂತ್ರಜ್ಞರು ನಕ್ಕರು. ಅವರದು ಬೇರೆಯೇ ಪೆನ್ಸಿಲ್. ಒದ್ದೆ ತಾಗಿದರೆ ಅದರ ಬಣ್ಣ ಪ್ಲಾಸ್ಟರ್‌ನ ಒಳಮೈಗೆ ಅಂಟುತ್ತದೆ. ಆಮೇಲೆ ಆ ಅಚ್ಚಿನೊಳಗೆ ಪ್ಲಾಸ್ಟರ್ ಸುರಿದು ಕಾಲಿನ ಪ್ರತಿರೂಪ ಮಾಡಿದಾಗ ಗುರುತು ಅದರ ಮೇಲೂ ಬರುತ್ತದೆ.

ಈ ಗುರುತುಗಳು ಯಾಕೆ ಅಷ್ಟು ಮುಖ್ಯ? ಮಂಡಿಯ ಕೆಳಗೆ ಕಾಲು ಹೋದವರ ತೂಕವೆಲ್ಲ ಉಳಿದ ಕಾಲಿನ ತುದಿಯ ಮೇಲೆ ಬೀಳುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟರೆ ಒಂದು ಗಟ್ಟಿ ಪಟ್ಟಿ ಸಿಗುತ್ತದೆ, ಅಲ್ವಾ? ಅಲ್ಲಿ ಒತ್ತಿದರೆ ಭಾರ ತಡೆದುಕೊಳ್ಳುತ್ತದೆ. ಮಂಡಿಯ ಕೆಳಗೆ ಮುಂದಿನ ಎಲುಬಿನ ಅಂಚು, ಹೊರಗಡೆಯ ಎಲುಬಿನ ಗುಂಡು ತಲೆ, ಕತ್ತರಿಸಿದ ತುದಿ ತಡೆದುಕೊಳ್ಳುವುದಿಲ್ಲ. ಎಲ್ಲಿ ಬಿಗಿ, ಎಲ್ಲಿ ಸಡಿಲ ಅನ್ನುವುದೇ ಇಲ್ಲಿನ ಹೊಲಿಗೆ.

ಹಾಗಾಗಿ ಪ್ಲಾಸ್ಟರ್ ಹಸಿ ಇರುವಾಗ ಬೆರಳಿನಿಂದ ಒತ್ತಿ ಹಿಡಿಯಬೇಡಿ. ಅಂಗೈ ಚಪ್ಪಟೆಯಾಗಿ ಕೊಡಿ. ಒಂದು ಬೆರಳಿನ ಗುಳಿ ಸಾಕೆಟ್‌ನೊಳಗೆ ಉಬ್ಬಾಗಿ ಬಂದು ಕಾಲಿಗೆ ಚುಚ್ಚಬಹುದು. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ ಅಂತ ಮೊದಲೇ ಹೇಳಿ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ. ಮಿಕ್ಕಿದ ಪ್ಲಾಸ್ಟರ್ ನೀರನ್ನು ಸಿಂಕಿಗೆ ಮಾತ್ರ ಸುರಿಯಬೇಡಿ. ನಾನು ಸುರಿದೆ. ಮಧ್ಯಾಹ್ನವೆಲ್ಲ ಪೈಪ್ ಬಿಚ್ಚುವುದರಲ್ಲೇ ಹೋಯಿತು. ಬಕೆಟ್‌ನಲ್ಲಿ ಬಿಟ್ಟರೆ ತಳಕ್ಕೆ ಕೂತು ಗಟ್ಟಿಯಾಗುತ್ತದೆ.

ಪ್ರತಿರೂಪವನ್ನು ಕೆರೆದು ತಿದ್ದಿ, ಕಾಯಿಸಿದ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಹೊದಿಸಿ, ಗಾಳಿ ಎಳೆದು ಸಾಕೆಟ್ ಮಾಡುತ್ತಾರೆ. ಅದು ಅವರ ಕೆಲಸ. ನೀವು ದೂರ ನಿಂತು ನೋಡಿ. ಉಜ್ಜುವ ಯಂತ್ರದ ಹತ್ತಿರ ಹೋದರೆ ಮಾಸ್ಕ್ ಇರಲಿ.

ಇನ್ನು ಹೊಸ ಕಾಲಿನಲ್ಲಿ ಎದ್ದು ನಿಲ್ಲುವ ದಿನ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಫೋನ್ ಹೊರಗೆ ಬರುತ್ತದೆ. ನನಗೆ ಆ ಗಳಿಗೆಯೇ ಭಯ. ಚಪ್ಪಾಳೆ ಬಿದ್ದ ಮೇಲೆ ನೋಯುತ್ತಿದೆ ಅಂತ ಹೇಳಲು ಯಾರಿಗೆ ಬಾಯಿ ಬರುತ್ತದೆ? ಉಚಿತವಾಗಿ ಕೊಟ್ಟಿದ್ದಾರೆ, ದೂರದಿಂದ ಬಂದಿದ್ದಾರೆ ಅಂತ ನುಂಗಿಕೊಳ್ಳುತ್ತಾರೆ. ಒಬ್ಬ ಅಜ್ಜ ನನ್ನ ಮುಂದೆ ನಗುನಗುತ್ತಾ ಹತ್ತು ಸುತ್ತು ನಡೆದರು. ಸಾಕೆಟ್ ತೆಗೆದಾಗ ಕಾಲುಚೀಲಕ್ಕೆ ರಕ್ತ ಅಂಟಿತ್ತು. ಅವರಿಗೆ ಸಕ್ಕರೆ ಕಾಯಿಲೆ, ನೋವೇ ಗೊತ್ತಾಗಿರಲಿಲ್ಲ.

ಹಾಗಾಗಿ ನನ್ನ ನಿಯಮ, ಸ್ವಲ್ಪ ನಡೆಸಿ, ಕೂರಿಸಿ, ಬಿಚ್ಚಿ ನೋಡಿ. ಒತ್ತಡ ತಡೆಯುವ ಜಾಗ ಕೆಂಪಾಗಿ ಹತ್ತು ನಿಮಿಷದಲ್ಲಿ ಮಾಯವಾದರೆ ಚಿಂತೆಯಿಲ್ಲ. ಕೆಂಪು ಹಾಗೇ ಉಳಿದರೆ, ಅಥವಾ ಎಲುಬಿನ ಮೇಲೆ ಬಂದರೆ, ತಂತ್ರಜ್ಞರನ್ನು ಕರೆಯಿರಿ. ನೀವೇ ಹತ್ತಿ ತುರುಕಬೇಡಿ. "ನೋಯುತ್ತಾ?" ಅನ್ನಬೇಡಿ, "ಎಲ್ಲಿ ಜಾಸ್ತಿ ಒತ್ತುತ್ತೆ, ಬೆರಳಿಟ್ಟು ತೋರಿಸಿ" ಅನ್ನಿ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಕಾಲು ನೋಡಿಕೊಂಡ ಡಾ. ಪಾಲ್ ಬ್ರ್ಯಾಂಡ್, ಗಾಯಗಳಿಗೆ ಮುಖ್ಯ ಕಾರಣ ಮಾಂಸ ತಾನಾಗಿ ಕೊಳೆಯುವುದಲ್ಲ, ನೋವು ತಿಳಿಯದಿರುವುದು ಅಂತ ತೋರಿಸಿಕೊಟ್ಟರು. ನೋವು ತಿಳಿಯದವರಿಗೆ ನಮ್ಮ ಕಣ್ಣೇ ನೋವು.

ಕಾಲುಚೀಲದ ಪಾಠ ಹೇಳಿಕೊಡಲು ಡಾಕ್ಟರ್ ಬೇಕಿಲ್ಲ. ಸಾಕೆಟ್ ಸಡಿಲವಾದರೆ ಇನ್ನೊಂದು ಚೀಲ ಸೇರಿಸುವುದು, ಮಡಿಕೆ ಇಲ್ಲದೆ ತೊಡುವುದು, ದಿನಾ ಒಗೆಯುವುದು. ಕಾಲು ತೊಳೆಯುವುದು ರಾತ್ರಿ. ಬೆಳಿಗ್ಗೆ ತೊಳೆದು ಒದ್ದೆ ಚರ್ಮಕ್ಕೆ ಸಾಕೆಟ್ ಹಾಕಿದರೆ ಉಜ್ಜಿ ಸುಲಿಯುತ್ತದೆ. ನೀವು ಹೇಳಿದರೆ ಸಾಲದು, ಅವರೇ ಮಾಡಿ ತೋರಿಸಲಿ.

ಕತ್ತರಿಸಿ ಉಳಿದ ಕಾಲಿಗೆ ತಂಡದವರು ತಮ್ಮೊಳಗೆ "ಸ್ಟಂಪ್" ಅನ್ನುತ್ತಾರೆ. ನಾನು ಕಾಲು ಕಳೆದುಕೊಂಡು ಬಂದವರ ಮುಂದೆ "ನಿಮ್ಮ ಕಾಲು" ಅಂತಲೇ ಅನ್ನುತ್ತೇನೆ. ಇಲ್ಲದ ಪಾದ ತುರಿಸುತ್ತದೆ, ಉರಿಯುತ್ತದೆ ಅಂದರೆ ನಗಬೇಡಿ. ಅದು ನಿಜವಾದ ನೋವು, ಕಾಲು ಕಳೆದುಕೊಂಡ ಬಹಳ ಜನಕ್ಕೆ ಇರುತ್ತದೆ.

ಪ್ರಾರ್ಥನೆಯ ವಿಷಯ. ನಾವು ಬೆಳಿಗ್ಗೆ ಕೆಲಸಕ್ಕೆ ಮುಂಚೆ ನಮ್ಮೊಳಗೇ ಪ್ರಾರ್ಥಿಸುತ್ತೇವೆ. ಬಂದವರ ಜೊತೆ ಪ್ರಾರ್ಥಿಸಬೇಕು ಅನ್ನಿಸಿದರೆ ಕೇಳಬಹುದು, ಆದರೆ ಕಾಲು ಪ್ಲಾಸ್ಟರ್‌ನಲ್ಲಿ ಇರುವಾಗ ಕೇಳಬೇಡಿ. ಬೇಡ ಅಂತ ಎದ್ದು ಹೋಗಲು ಅವರಿಗೆ ಆಗುವುದಿಲ್ಲವಲ್ಲ. ಕಾಲು ಕೈಗೆ ಸಿಗುವ ಮೊದಲೂ ಬೇಡ, ಅದು ಷರತ್ತಿನ ಹಾಗೆ ಕೇಳಿಸುತ್ತದೆ. ಫೋಟೋಗೂ ಇದೇ ಮಾತು. ನಾನಂತೂ ತೆಗೆಯುವುದನ್ನೇ ಬಿಟ್ಟಿದ್ದೇನೆ.

ಹೊರಡುವ ದಿನ ಪ್ರತಿಯೊಬ್ಬರ ಚೀಟಿ ಬರೆಯಿರಿ. ಯಾವ ಕಾಲು, ಎಷ್ಟು ಕಾಲುಚೀಲ ಕೊಟ್ಟಿದ್ದೀರಿ, ಎಲ್ಲಿ ಕೆಂಪಾಗಿತ್ತು, ಎಲ್ಲಿ ತಿದ್ದಿದರು. ಒಂದು ಪ್ರತಿ ಅವರ ಕೈಗೆ, ಒಂದು ಅಲ್ಲಿಯೇ ಉಳಿಯುವ ರಿಪೇರಿಯವರಿಗೆ. ಅಂಗಡಿಯಲ್ಲಿ ನಾನು ಗಿರಾಕಿಗಳ ಅಳತೆ ಪುಸ್ತಕ ಇಡುವುದೂ ಹೀಗೆಯೇ. ಅಕ್ಷರ ಮಾತ್ರ ದಪ್ಪಗೆ, ಬಿಡಿಸಿ ಬರೆಯಿರಿ, ಓದುವವರು ನೀವಲ್ಲ.