ಕಮಾಂಡ್ ಕೊಡುವ ಪ್ಯಾಕೇಜಿಗೆ ಹೆಸರು ಹೇಗಿಡುದು?

ಬದಿಯಡ್ಕದಲ್ಲಿ ಕೂತು ಅಡಿಕೆಯ ತೂಕ, ದರ ಹಾಕಿದ್ರೆ ಲೆಕ್ಕ ಕೊಡುವ ಸಣ್ಣ ಪ್ರೋಗ್ರಾಂ ಒಂದು ಬರೆದ್ರಿ ಅಂತಿಟ್ಟುಕೊಳ್ಳಿ, ಕೋಡ್ ಆಯ್ತು, ಇನ್ನು ಬೇರೆಯವರೂ ಇನ್‌ಸ್ಟಾಲ್ ಮಾಡುವ ಹಾಗೆ ಪ್ಯಾಕೇಜ್ ಕಟ್ಟಿ ಅಪ್‌ಲೋಡ್ ಮಾಡ್ಲಿಕ್ಕೆ ಹೆಸರು ಬೇಕು. ಪ್ಯಾಕೇಜಿನ ಹೆಸರು ಬೇರೆ, ಇನ್‌ಸ್ಟಾಲ್ ಆದ್ಮೇಲೆ ಟರ್ಮಿನಲ್‌ನಲ್ಲಿ ಹೊಡೆಯುವ ಕಮಾಂಡ್ ಬೇರೆ. ಎರಡೂ ಒಂದೇ ಇದ್ರೆ ಒಳ್ಳೇದು, ಇನ್‌ಸ್ಟಾಲ್ ಮಾಡಿದವ ಮತ್ತೆ ಬಳಸುವ ವಿವರ ಬರೆದ ರೀಡ್‌ಮಿ ಫೈಲ್ ಹುಡುಕ್ಬೇಕಂತಿಲ್ಲ. ಫೈಲುಗಳೊಳಗೆ ಪದ ಹುಡುಕುವ ರಿಪ್‌ಗ್ರೆಪ್‌ನ ಕಮಾಂಡ್ ಬರೀ ಆರ್‌ಜಿ, ಇಡೀ ದಿನ ಅದನ್ನೇ ಹೊಡೆಯುವವರಿಗೆ ಸರಿ, ವಾರಕ್ಕೊಮ್ಮೆ ಓಡುವ ಅಡಿಕೆ ಲೆಕ್ಕಕ್ಕೆ ಎರಡಕ್ಷರದ ಕಮಾಂಡ್ ಎಂಥಕ್ಕೆ ಮಾರಾಯ್ರೆ?

ಚಿಕ್ಕ ಹೆಸರು ಯಾರಾದ್ರೂ ಮೊದಲೇ ಹಿಡ್ಕೊಂಡಿರ್ತಾರೆ. ಬೇರೆ ಬೇರೆ ಕೆಲಸದ ಎರಡು ಪ್ಯಾಕೇಜು ಒಂದೇ ಹೆಸರಿನ ಕಮಾಂಡ್ ಹಾಕ್ಲಿಕ್ಕಿಲ್ಲ ಅಂತ ಡೆಬಿಯನ್ ಅನ್ನುವ ಲಿನಕ್ಸ್‌ನಲ್ಲಿ ರೂಲೇ ಉಂಟು. ಹ್ಯಾಮ್ ರೇಡಿಯೋದವರ ಪ್ರೋಗ್ರಾಂ ಒಂದಕ್ಕೆ ನೋಡ್ ಅನ್ನುವ ಹೆಸರು ಇದ್ದ ಕಾರಣ 2012ರಲ್ಲಿ ಅಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್‌ನ ನೋಡ್ ಅನ್ನುವ ಕಮಾಂಡನ್ನೇ ನೋಡ್‌ಜೆಎಸ್ ಅಂತ ಮಾಡ್ಬೇಕಾಯ್ತು, ನೋಡ್ ಅಂತ ನಂಬಿ ಬರೆದ ಸ್ಕ್ರಿಪ್ಟೆಲ್ಲ ಅಲ್ಲಿ ಓಡ್ಲಿಲ್ಲ. ಫೈಲ್ ತೋರಿಸುವ ಬ್ಯಾಟ್ ಅಲ್ಲಿ ಬ್ಯಾಟ್‌ಕ್ಯಾಟ್, ಫೈಲ್ ಹುಡುಕುವ ಎಫ್‌ಡಿ ಅಲ್ಲಿ ಎಫ್‌ಡಿಫೈಂಡ್ ಆದದ್ದೂ ಹೀಗೇ. ಹಾಗಾಗಿ ಪ್ಯಾಕೇಜ್ ಅಪ್‌ಲೋಡ್ ಮಾಡುವ ರಿಜಿಸ್ಟ್ರಿಯಲ್ಲಿ ಹೆಸರು ಖಾಲಿ ಉಂಟಾ ನೋಡಿದ್ರೆ ಸಾಲದು, ಡೆಬಿಯನ್ ಪ್ಯಾಕೇಜುಗಳೊಳಗಿನ ಫೈಲ್ ಹುಡುಕುವ ಆಪ್ಟ್-ಫೈಲ್‌ನಲ್ಲಿ ಆ ಹೆಸರಿನ ಕಮಾಂಡ್ ಉಂಟಾ ಅಂತಲೂ ಹುಡುಕಿ.

ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳ ರಿಜಿಸ್ಟ್ರಿ ಎನ್‌ಪಿಎಂನಲ್ಲಿ ಹೆಸರಿನ ಮುಂದೆ ಸೇರಿಸುವ ಸ್ಕೋಪ್ ಅಂತ ಉಂಟು, ಊರಲ್ಲಿ ನಾಲ್ಕು ಕೃಷ್ಣ ಭಟ್ರಿದ್ರೆ ಮನೆ ಹೆಸರು ಸೇರಿಸಿ ಕರೆಯುವ ಹಾಗೆ. ಆದ್ರೆ ಅದು ಪ್ಯಾಕೇಜಿಗೆ ಮಾತ್ರ ಆಯ್ತಾ, ಪ್ಯಾಕೇಜಿನ ವಿವರ ಬರೆಯುವ ಫೈಲಿನ ಬಿನ್ ಅನ್ನುವಲ್ಲಿ ಕಮಾಂಡ್ ಹೆಸರು ಬರೆಯದೆ ಬರೀ ಫೈಲ್ ಕೊಟ್ರೆ ಸ್ಕೋಪ್ ಉದುರಿ ಉಳಿದದ್ದೇ ಕಮಾಂಡ್ ಆಗ್ತದೆ, ಡಿಕ್ಕಿ ಹೊಡೆಯುದು ತಪ್ಪುದಿಲ್ಲ. ಪೈಥಾನ್ ಆದ್ರೆ ಪೈಪ್ರಾಜೆಕ್ಟ್ ಫೈಲಿನ ಸ್ಕ್ರಿಪ್ಟ್ಸ್ ಭಾಗದಲ್ಲಿ ಕಮಾಂಡ್ ಹೆಸರು ನೀವೇ ಬರೀಬೇಕು.

ಇಂಗ್ಲಿಷ್ ಸಣ್ಣಕ್ಷರ, ಅಂಕೆ, ಹೈಫನ್ ಇಷ್ಟರಲ್ಲೇ ಮುಗಿಸಿ, ಎಲ್ಲಾ ಕಡೆ ನಡೀತದೆ. ಪೈಥಾನ್ ಪ್ಯಾಕೇಜುಗಳ ರಿಜಿಸ್ಟ್ರಿ ಪೈಪಿಐಗೆ ಹೈಫನ್, ಅಂಡರ್‌ಸ್ಕೋರ್, ಚುಕ್ಕೆ ಎಲ್ಲ ಒಂದೇ ಲೆಕ್ಕ, ಅಂಡರ್‌ಸ್ಕೋರ್ ಹಾಕಿ ಅಡಿಕೆ_ಲೆಕ್ಕ ಅಂತ ಯಾರಾದ್ರೂ ತಗೊಂಡಿದ್ರೆ ಹೈಫನ್‌ನದ್ದು ನಿಮಗೆ ಸಿಗುದಿಲ್ಲ. ಕನ್ನಡ ಹೆಸರನ್ನು ಇಂಗ್ಲಿಷಲ್ಲಿ ಬರೆಯುವಾಗ ಒಂದು ಕೆ ಹಾಕುದಾ ಎರಡಾ ಅಂತ ನಾಲ್ಕು ಜನರ ಹತ್ರ ಟೈಪ್ ಮಾಡಿಸಿ ನೋಡಿ, ಹೆಚ್ಚಿನವರು ಹೇಗೆ ಹೊಡೀತಾರೋ ಅದನ್ನೇ ಇಡಿ.

ಕಮಾಂಡಿನ ಕೊನೆಗೆ ಯಾವ ಭಾಷೆಯಲ್ಲಿ ಬರೆದದ್ದು ಅಂತ ತೋರಿಸುವ ಡಾಟ್ ಪಿವೈ, ಡಾಟ್ ಎಸ್‌ಎಚ್ ಬೇಡವೇ ಬೇಡ, ನಾಳೆ ಅದನ್ನೇ ರಸ್ಟ್ ಭಾಷೆಯಲ್ಲಿ ಬರೆದ್ರೆ ಹೆಸರು ಬದಲಾಗಿ ಬಳಸುವವರ ಸ್ಕ್ರಿಪ್ಟೆಲ್ಲ ತಿದ್ದಬೇಕಾಗ್ತದೆ. ಗಿಟ್- (ಗಿಟ್ ಅಂದ್ರೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಟೂಲ್), ಕಾರ್ಗೋ- (ಕಾರ್ಗೋ ಅಂದ್ರೆ ರಸ್ಟ್‌ನ ಟೂಲ್) ಅಂತ ಶುರು ಮಾಡುದೂ ಸುಮ್ಮನೆ ಚಂದಕ್ಕಲ್ಲ, ಹಾಗಿಟ್ರೆ ಅದು ಅವುಗಳ ಸಬ್‌ಕಮಾಂಡ್, ಅಂದ್ರೆ ಅವುಗಳ ಒಳಗಿನ ಕಮಾಂಡ್ ಆಗಿಯೇ ಓಡ್ತದೆ, ಅದೇ ಬೇಕಿದ್ರೆ ಮಾತ್ರ ಇಡಿ.