ಹಳೆಯ ಹೊರಬಾಗಿಲ ಸಂದಿನ ಗಾಳಿ ಕೊನೆಗೂ ನಿಂತಿತು

‘ಹಲಗೆ ಸೊಟ್ಟಗಾಗಿದೆ, ಬಾಗಿಲನ್ನೇ ಬದಲಿಸಿ’ ಎಂದವರೇ ಹೆಚ್ಚು. ಬದಲಿಸಲಿಲ್ಲ. ಈಗ ಜೋರು ಗಾಳಿಯ ದಿನವೂ ಸಂದಿನ ಬಳಿ ಹಿಡಿದ ಊದುಬತ್ತಿಯ ಹೊಗೆ ನೆಟ್ಟಗೆ ಮೇಲೇರುತ್ತದೆ.

ಮೊದಲು ಸೋತದ್ದು ಫೋಮ್ ಪಟ್ಟಿಯಲ್ಲಿ. ಸುತ್ತಲೂ ಒಂದೇ ದಪ್ಪದ್ದು, 6 ಮಿ.ಮೀ. ಇರಬೇಕು, ಅಂಟಿಸಿದ್ದೆ. ಚಿಲಕವೇ ಬೀಳುತ್ತಿರಲಿಲ್ಲ, ಹಿಂಜ್ ಬದಿಯ ಫೋಮ್ ಬಾಗಿಲನ್ನು ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳುತ್ತಿತ್ತು. ಕೆಲವೇ ತಿಂಗಳಲ್ಲಿ ಅದು ಚಪ್ಪಟೆಯಾಯಿತು, ಮತ್ತೆ ಉಬ್ಬಲಿಲ್ಲ. ನಾಲ್ಕೈದು ಸಲ ಹೀಗೆ ಸುರಿದ ದುಡ್ಡಿನಲ್ಲಿ ಇಪಿಡಿಎಂ (ಬಿಸಿಲು-ಮಳೆಗೆ ಬಾಳುವ ಕೃತಕ ರಬ್ಬರ್) ಪಟ್ಟಿ, ಬ್ರಷ್ ಸೀಲ್ (ಅಂಚಿಗೆ ಬ್ರಷ್ಷಿನ ಕೂದಲಿರುವ ಪಟ್ಟಿ) ಎರಡೂ ಬಂದು ಚಿಲ್ಲರೆ ಉಳಿಯುತ್ತಿತ್ತು.

ಬಾಗಿಲನ್ನು ಸರಿಯಾಗಿ ಕೂರಿಸದೆ ಸೀಲಿಗೆ ಕೈ ಹಾಕಿದ್ದೇ ತಪ್ಪು. ಮೇಲಿನ ಹಿಂಜಿನ ಸ್ಕ್ರೂಗಳು ಸಡಿಲವಾಗಿ ಬೀಗದ ಬದಿ ಜಗ್ಗಿತ್ತು. ತೂತುಗಳಿಗೆ ಅಂಟು ಹಚ್ಚಿದ ಗಟ್ಟಿ ಮರದ ಬೆಣೆ ಹೊಡೆದು ಉದ್ದನೆಯ ಸ್ಕ್ರೂ ಹಾಕಿದ ಮೇಲೆ ಆ ಬದಿ ಸುಮಾರು 3 ಮಿ.ಮೀ. ಎದ್ದಿತು. ಅರ್ಧ ಗಾಳಿ ಅಲ್ಲೇ ನಿಂತಿತು.

ಅಳತೆಗೆ ಮಕ್ಕಳ ಆಟದ ಕ್ಲೇ ಸಾಕು. ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಡಿಗೊಂದರಂತೆ ರಿಬೇಟಿನಲ್ಲಿ (ಬಾಗಿಲು ಬಂದು ಕೂರುವ ಚೌಕಟ್ಟಿನ ಮೆಟ್ಟಿಲಿನಲ್ಲಿ) ಇಟ್ಟು ಬಾಗಿಲು ಹಾಕಿ ತೆಗೆದರೆ, ಚಪ್ಪಟೆಯಾದ ದಪ್ಪವೇ ಸಂದು. ನನಗೆ ಸಿಕ್ಕಿದ್ದು ಹಿಂಜ್ ಬದಿ ಎರಡೂವರೆ ಮಿ.ಮೀ., ಮೇಲೆ 3–4, ಬೀಗದ ಬದಿಯ ಕೆಳಭಾಗ 6ರ ಹತ್ತಿರ. ಮೂರು ಬದಿ ಸೇರಿ 5 ಮೀಟರ್ ಉದ್ದಕ್ಕೆ 3 ಮಿ.ಮೀ. ಸಂದೆಂದರೆ 150 ಚದರ ಸೆಂ.ಮೀ. ತೂತು. ಗಾಳಿ ನುಗ್ಗದೆ ಇನ್ನೇನು?

ರಬ್ಬರ್ ಪಟ್ಟಿಯನ್ನು ಅಡ್ಡ ಕೊಯ್ದಾಗ ಕಾಣುವ ಇಂಗ್ಲಿಷ್ ಅಕ್ಷರವೇ ಅದರ ಹೆಸರು. ಹಿಂಜ್ ಬದಿಗೆ ಇ (E) ಆಕಾರದ ಪಟ್ಟಿ, ಮೇಲಕ್ಕೂ ಬೀಗದ ಬದಿಯ ಮೇಲರ್ಧಕ್ಕೂ ಪಿ (P), ಬೀಗದ ಬದಿಯ ಕೆಳಭಾಗಕ್ಕೆ ಡಿ (D). ಹಿಂಜ್ ಬದಿಯಲ್ಲಿ ಮಾತ್ರ ಬಾಗಿಲು ಒರಗುವ ಮುಖಕ್ಕೆ ಅಂಟಿಸಬೇಡಿ, ಅಲ್ಲಿ ಪಟ್ಟಿ ಉಜ್ಜಿ ಕಿತ್ತು ಬರುತ್ತದೆ. ಬಾಗಿಲಿನ ಅಂಚು ಎದುರಾಗುವ ಮುಖದಲ್ಲಿದ್ದರೆ ನೇರವಾಗಿ ಅದುಮುತ್ತದೆ. ಅಂಟಿಸುವ ಮೊದಲು ಸ್ಪಿರಿಟ್ಟಿನಿಂದ ಒರೆಸಿ. ಪಟ್ಟಿಯನ್ನು ಎಳೆದು ಅಂಟಿಸಲೇಬೇಡಿ. ಎರಡು ದಿನದಲ್ಲಿ ಕುಗ್ಗಿ ಮೂಲೆ ತೆರೆದುಕೊಳ್ಳುತ್ತದೆ. ಮೂಲೆ ಕೂಡಿಸುವುದಕ್ಕೆ ನನ್ನದೇ ಉಪಾಯವೊಂದಿದೆ, ಅದು ನನ್ನಲ್ಲೇ ಇರಲಿ. 45 ಡಿಗ್ರಿಗೆ ಕೊಯ್ದು ಒತ್ತಿದರೂ ಮುಕ್ಕಾಲು ಪಾಲು ಸಾಧಿಸುತ್ತದೆ.

ಕೊನೆಗೆ ಚಿಲಕ ಬೀಳುವ ತಗಡನ್ನು ಒಂದೂವರೆ ಮಿ.ಮೀ. ಸರಿಸಿದೆ. ಬಾಗಿಲಿಗೆ ಸಿಕ್ಕಿಸಿದ ಕಾಗದ ಎಳೆದರೆ ಹರಿಯದೆ ಬಿಗಿಯಾಗಿ ಬರಬೇಕು. ಹರಿದರೆ ಒತ್ತಡ ಹೆಚ್ಚಾಯಿತು.

ನಡುವೆ ಸಿಲಿಕೋನ್ ಸೀಲಂಟನ್ನೂ (ಸಂದು ತುಂಬುವ ಲೇಪ) ಪರೀಕ್ಷಿಸಿದೆ. ರಿಬೇಟಿಗೆ ಎಳೆಯಾಗಿ ಹಾಕಿ, ಬಾಗಿಲಿಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಮುಚ್ಚಿ ಒಂದು ದಿನ ಬಿಟ್ಟೆ. ಸೊಟ್ಟ ಸಂದಿಗೆ ಅಚ್ಚು ಹೊಯ್ದಂತೆ ಕೂತಿತು. ಆದರೆ ತೇವಕ್ಕೆ ಮರ ಹಿಗ್ಗಿದಾಗ ಅಳತೆ ಕೆಟ್ಟಿತು, ಮೇಲೆ ಬಣ್ಣವೂ ಹಿಡಿಯದು. ಮರದ ಬಾಗಿಲಿಗೆ ರಬ್ಬರೇ ಮೇಲು.

ಕೆಳಗಿನ 10 ಮಿ.ಮೀ. ಸಂದಿಗೆ ಬ್ರಷ್ ಸೀಲ್. ನೆಲ ಏರುಪೇರಾಗಿದ್ದರೆ ರಬ್ಬರ್ ನಾಲಿಗೆ ತಿರುಚಿಕೊಳ್ಳುತ್ತದೆ. ಬ್ರಷ್ಷಿನ ಕೂದಲು ನೆಲಕ್ಕೆ ತಾಗಿದರೆ ಸಾಕು, ಬಾಗಬಾರದು. ಚೌಕಟ್ಟು ಗೋಡೆಗೆ ಸೇರುವ ಬಿರುಕಿಗೆ ಅಕ್ರಿಲಿಕ್ ಸೀಲಂಟ್, ಕೀಲಿರಂಧ್ರಕ್ಕೆ ಮುಚ್ಚಳ.

ಮನೆಯೊಳಗೆ ಗ್ಯಾಸ್ ಗೀಸರ್ ಅಥವಾ ಸೌದೆ ಒಲೆ ಇದ್ದರೆ, ಅದಕ್ಕೆ ಬೇರೆ ಗಾಳಿಕಿಂಡಿ ಇದೆಯೆಂದು ನೋಡಿಕೊಂಡೇ ಬಾಗಿಲನ್ನು ಇಷ್ಟು ಬಿಗಿ ಮಾಡಿ.