ಕಣ್ಣಿನ ಕುರುವಿಗೆ ಬಿಸಿ ಬಟ್ಟೆಯ ಶಾಖ

ರೆಪ್ಪೆಯ ಅಂಚು ಕೆಂಪಗೆ ಊದಿ, ಕಣ್ಣು ಮಿಟುಕಿಸಿದಾಗಲೆಲ್ಲ ಚುಚ್ಚುವ ಕುರು ಎದ್ದಿತೆಂದರೆ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಮೊದಲು ಆ ಕೈಯನ್ನು ತಡೆಯಿರಿ. ರೆಪ್ಪೆಗೂದಲಿನ ಬುಡದಲ್ಲಿ ಪುಟ್ಟ ಎಣ್ಣೆಗ್ರಂಥಿಗಳಿವೆ. ಅವುಗಳ ಬಾಯಿ ಕಟ್ಟಿಕೊಂಡಾಗ ಚರ್ಮದ ಮೇಲೆ ಸಾಮಾನ್ಯವಾಗಿ ಇರುವ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಒಳಗೆ ಬೆಳೆದು ಕೀವು ತುಂಬುತ್ತದೆ. ಹಿಸುಕಿದರೆ ಆ ಕೀವು ಹೊರಗೇ ಬರುತ್ತದೆಂಬ ಭರವಸೆಯಿಲ್ಲ, ಸೋಂಕು ಸುತ್ತಲೂ ಹರಡಬಹುದು. ತುದಿಯಲ್ಲಿ ಬಿಳಿ ಚುಕ್ಕೆ ಕಂಡರೂ ಮುಟ್ಟಬೇಡಿ. ಸೂಜಿಯ ಮಾತಂತೂ ಬೇಡವೇ ಬೇಡ.

ಇದಕ್ಕೆ ಶಾಖದಷ್ಟು ಒಳ್ಳೆಯ ಮನೆಮದ್ದು ಇನ್ನೊಂದಿಲ್ಲ. ಕೈ ತೊಳೆದುಕೊಂಡು, ಒಗೆದ ಮೆತ್ತನೆಯ ಬಟ್ಟೆಯನ್ನು ಬಿಸಿ ನೀರಿನಲ್ಲಿ ಅದ್ದಿ ಹಿಂಡಿ. ಮಣಿಕಟ್ಟಿನ ಒಳಬದಿಗೆ ತಾಗಿಸಿ ನೋಡಿ. ಅಲ್ಲಿ ಹಿತವೆನಿಸಿದರೆ ಮುಚ್ಚಿದ ಕಣ್ಣಿನ ಮೇಲಿಡಿ. ರೆಪ್ಪೆಯ ಚರ್ಮ ಬಹಳ ತೆಳು, ಬೇಗ ಸುಡುತ್ತದೆ. ಬಟ್ಟೆ ಒಂದೆರಡು ನಿಮಿಷಕ್ಕೇ ಆರಿಬಿಡುತ್ತದೆ, ಹಲವರು ಅಲ್ಲಿಗೇ ನಿಲ್ಲಿಸಿ ಫಲವಿಲ್ಲ ಎನ್ನುತ್ತಾರೆ. ಮತ್ತೆ ಮತ್ತೆ ಅದ್ದಿ, 10ರಿಂದ 15 ನಿಮಿಷ ಬಿಸಿ ಉಳಿಸಿಕೊಳ್ಳಿ. ಒಳಗೆ ಗಟ್ಟಿಯಾದ ಎಣ್ಣೆ ಮೆತ್ತಗಾಗಲು ಅಷ್ಟು ಹೊತ್ತು ಬೇಕು. ದಿನಕ್ಕೆ ಮೂರು ನಾಲ್ಕು ಸಲ ಹೀಗೆ ಮಾಡಿದರೆ ಕುರು ತಾನಾಗಿ ಒಡೆದೋ ಇಂಗಿಯೋ ಹೋಗುತ್ತದೆ. ಒಂದೆರಡು ವಾರ ಹಿಡಿಯಬಹುದು, ತಾಳ್ಮೆ ಬೇಕು.

ಅಲ್ಲಿಯವರೆಗೆ ಕಾಡಿಗೆ, ಕಾಂಟ್ಯಾಕ್ಟ್ ಲೆನ್ಸ್ ಬಿಡಿ. ಆ ಕಣ್ಣಿಗೆ ತಾಗಿದ ಕಾಡಿಗೆಯನ್ನು ಎಸೆದುಬಿಡುವುದೇ ಲೇಸು. ಮುಖ ಒರೆಸುವ ಟವೆಲ್ ಬೇರೆ ಇರಲಿ. ಹಳೆಯ ಸೀಸೆಯಲ್ಲಿ ಉಳಿದ ಕಣ್ಣಿನ ಹನಿಯನ್ನು ನೀವಾಗಿಯೇ ಹಾಕಿಕೊಳ್ಳಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಸೋಂಕು ಹೆಚ್ಚಬಹುದು.

ನೋವು ಹೋಗಿ ಗಂಟು ಮಾತ್ರ ಉಳಿದರೆ ಅದು ಕಲೇಜಿಯನ್, ಅಂದರೆ ಎಣ್ಣೆಗ್ರಂಥಿ ಕಟ್ಟಿಕೊಂಡು ಉಳಿಯುವ ನೋವಿಲ್ಲದ ಗಂಟು, ಆಗಿರಬಹುದು. ಅದಕ್ಕೂ ಶಾಖವೇ ಮೊದಲು, ತಿಂಗಳಾದರೂ ಕರಗದಿದ್ದರೆ ವೈದ್ಯರಿಗೆ ತೋರಿಸಿ. ಕುರು ಪದೇ ಪದೇ ಏಳುತ್ತಿದ್ದರೆ ರೆಪ್ಪೆಯ ಉರಿಯೂತವಿದೆಯೇ, ರಕ್ತದಲ್ಲಿ ಸಕ್ಕರೆ ಏರಿದೆಯೇ ಎಂದು ಪರೀಕ್ಷೆ ಮಾಡಿಸಿ. ಆದರೆ ಊತ ಇಡೀ ರೆಪ್ಪೆಗೆ ಅಥವಾ ಕೆನ್ನೆಗೆ ಹಬ್ಬಿದರೆ, ಜ್ವರ ಬಂದರೆ, ಕಣ್ಣುಗುಡ್ಡೆ ಹೊರಳಿಸುವಾಗ ನೋವಾದರೆ ಅಥವಾ ದೃಷ್ಟಿ ಮಂಜಾದರೆ ಶಾಖ ಕೊಡುತ್ತಾ ಕೂರಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಮಕ್ಕಳಲ್ಲಿ ಈ ಲಕ್ಷಣ ಕಂಡರೆ ರಾತ್ರಿಯಾಗಿದ್ದರೂ ಬೆಳಗಿನವರೆಗೆ ಕಾಯಬೇಡಿ.